ಮೇಜಿನ ಸನ್ಯಾಸ

ಮನೆಯಿಂದಲೇ ಕೆಲಸ ಮಾಡುವ ಇಂದುಮತಿ ತನ್ನ ಮೇಜು ಚೊಕ್ಕಟವಾಗಿರಲೆಂದು ಲ್ಯಾಪ್‌ಟಾಪ್ ಒಂದನ್ನು ಬಿಟ್ಟು ಪೆನ್ನು, ಸ್ಟೇಪ್ಲರ್, ಮಾತ್ರೆ, ಚಾರ್ಜರುಗಳನ್ನೆಲ್ಲ ಮೇಜಿನ ಡ್ರಾಯರಿಗೆ ತುರುಕಿದಳು.

ಮೇಜು ಡ್ರಾಯರಿನ ಮುಂದೆ ಬೀಗಿತು. "ನನ್ನನ್ನು ನೋಡಿ ಕಲಿ. ಎಲ್ಲವನ್ನೂ ತ್ಯಜಿಸಿ ಕೂತಿದ್ದೇನೆ. ನಿನಗೆ ಇನ್ನೂ ಆಸೆ ತೀರಿಲ್ಲ."

"ತ್ಯಾಗ ನಿಮ್ಮದು ಗುರುಗಳೇ, ಅಜೀರ್ಣ ನನ್ನದು," ಎಂದಿತು ಡ್ರಾಯರು. "ಸ್ಟೇಪ್ಲರ್ ಒಂದನ್ನಾದರೂ ವಾಪಸು ತಗೊಳ್ಳಿ. ನನ್ನ ತಳ ಬಿಡುತ್ತಿದೆ."

"ಸನ್ಯಾಸಿಗೆ ಸ್ಟೇಪ್ಲರ್ ಏಕೆ?"

ಅಷ್ಟರಲ್ಲಿ ಇಂದುಮತಿ ಪೆನ್ನಿಗಾಗಿ ಡ್ರಾಯರನ್ನು ಜಗ್ಗಿದಳು. ತಳ ಕಳಚಿ ಎಲ್ಲವೂ ನೆಲಕ್ಕೆ ಬಿತ್ತು. ಅವಳು ಗೊಣಗುತ್ತಾ ಒಂದೊಂದನ್ನೇ ಹೆಕ್ಕಿ ಮೇಜಿನ ಮೇಲೆ ರಾಶಿ ಹಾಕಿದಳು.

"ಇದೇನು ಮಾಡಿದೆ?" ಎಂದು ಮೇಜು ರಾಶಿಯಡಿಯಿಂದ ನರಳಿತು.

"ನಾನೂ ಸನ್ಯಾಸ ತಗೊಂಡೆ, ಗುರುಗಳೇ," ಎಂದಿತು ಡ್ರಾಯರು. "ಆಶೀರ್ವಾದ ಮಾಡಿ."