ಏಡಿ ಕೊಂಡ ಉಪ್ಪುನೀರಿನ ಕೊಳ

ಪಾಚಿಗಟ್ಟಿ ಹಸಿರಾದ ಉಪ್ಪುನೀರಿನ ಈಜುಕೊಳವೊಂದನ್ನು ಕಡಲ ಏಡಿಯೊಂದು ಹೊಸದಾಗಿ ಕೊಂಡಿತು. ಬಂದದ್ದೇ ತಡ, ಮೂಟೆಗಟ್ಟಲೆ ಉಪ್ಪನ್ನು ಅದಕ್ಕೆ ಸುರಿಯಿತು. ನೀರು ಮಾತ್ರ ತಿಳಿಯಾಗಲಿಲ್ಲ.

"ಪಂಪಣ್ಣ, ನಮ್ಮ ಕಡಲು ಉಪ್ಪಿನಿಂದಲೇ ತಿಳಿಯಾಗಿದೆ. ಇದಕ್ಕೇನು ದಾಡಿ?" ಎಂದು ಏಡಿ ನೀರು ಸೋಸುವ ಪಂಪನ್ನು ಕೇಳಿತು.

"ಉಪ್ಪಿನಿಂದಲ್ಲ ತಾಯಿ. ಅಲ್ಲಿ ಅಲೆ ಬಂಡೆಯನ್ನು ತಿಕ್ಕುತ್ತಲೇ ಇರುತ್ತದೆ. ಇಲ್ಲಿ ತಿಕ್ಕುವವರು ಯಾರು?"

ಏಡಿ ಗೋಡೆ ಕೆರೆಯತೊಡಗಿತು. ನೀರು ಇನ್ನಷ್ಟು ಬಗ್ಗಡವಾಯಿತು. "ಇದ್ದದ್ದೂ ಕೆಟ್ಟಿತು" ಎಂದು ಏಡಿ ಕೈಚೆಲ್ಲಿ ಕೂತಿತು.

"ಕೆಟ್ಟಿಲ್ಲ. ಗೋಡೆ ಬಿಟ್ಟುಕೊಟ್ಟದ್ದನ್ನಷ್ಟೇ ನಾನು ಸೋಸಬಲ್ಲೆ. ನೀವು ಕೆರೆಯುತ್ತಿರಿ" ಎಂದಿತು ಪಂಪು.

ಏಡಿ ರಾತ್ರಿಯಿಡೀ ಗೋಡೆ, ಮೆಟ್ಟಿಲು ಕೆರೆಯಿತು; ಪಂಪು ಸೋಸಿತು. ಬೆಳಗಾಗುವ ಹೊತ್ತಿಗೆ ಮೇಲಿನ ಮೆಟ್ಟಿಲು ನೀರಿನೊಳಗೆ ಬೆಳ್ಳಗೆ ಕಂಡಿತು. ಏಡಿ ಉಪ್ಪಿನ ಮೂಟೆಯ ಬಾಯಿ ಕಟ್ಟಿಟ್ಟು, ಆ ಮೆಟ್ಟಿಲ ಕೆಳಗಿನದನ್ನು ಕೆರೆಯಲು ಇಳಿಯಿತು.