ಹೇಳದೆ ಹೋದವನ ಹೆಸರು

"ಗುರುಗಳೇ, ಕೆಲಸ ಮುಗಿದ ಮೇಲೆ exit ಎಂದು ಬರೆಯಲೇಬೇಕೆ? ಪರದೆ ಆರಿಸಿ ಎದ್ದು ಹೋದರೆ ಯಾರಿಗೆ ಏನು ನಷ್ಟ?"

ಕೇಳಿದವನು ಚೆನ್ನವೀರ. ಗುರುಗಳ ಬಳಿ ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಕಲಿಯಲು ಬಂದು ಉಳಿದವನು. ಊರು ಯಾವುದೆಂದು ಅವನು ಹೇಳಿರಲಿಲ್ಲ, ಗುರುಗಳೂ ಕೇಳಿರಲಿಲ್ಲ. ಕೈ ಚುರುಕು, ತಾಳ್ಮೆ ಕಡಿಮೆ. ಪಾಠ ಮುಗಿಯುವ ಮೊದಲೇ ಚಪ್ಪಲಿ ಹುಡುಕುವವನು.

"ಕೂತುಕೋ, ನಿನ್ನ ಚಪ್ಪಲಿ ಎಲ್ಲಿಗೂ ಹೋಗುವುದಿಲ್ಲ," ಎಂದು ಗುರುಗಳು ಈ ಕತೆ ಹೇಳಿದರು.

ಬೆಟ್ಟದ ಮೇಲೆ ಮಳೆ ಅಳೆಯುವವಳೊಬ್ಬಳಿದ್ದಳು. ಕೆಳಗಿನ ಕಚೇರಿಯಲ್ಲಿ ಒಂದು ಯುನಿಕ್ಸ್ ಯಂತ್ರವಿತ್ತು. ಯಂತ್ರ ಒಂದೇ, ಬಳಸುವವರು ಹಲವರು. ಒಬ್ಬೊಬ್ಬರಿಗೂ ಒಂದು ಹೆಸರು, ಒಂದು ಪಾಸ್‌ವರ್ಡ್. ಅವಳು ದಿನಾ ಮಳೆ ಅಳೆದು, ಫೋನಿನ ತಂತಿಯ ಮೂಲಕ ಆ ಯಂತ್ರದೊಳಗೆ ಹೋಗಿ ಅಂಕಿ ಬರೆಯುತ್ತಿದ್ದಳು. ಯುನಿಕ್ಸ್ ಮಿತಭಾಷಿ. ಹೇಳಿದ ಕೆಲಸ ಆದರೆ ಸುಮ್ಮನಿರುತ್ತದೆ, ಕೆಟ್ಟರೆ ಮಾತ್ರ ಬಾಯಿ ಬಿಡುತ್ತದೆ. ನಮ್ಮಲ್ಲಿ ಅನೇಕರಿಗೆ ಆ ವಿದ್ಯೆ ಬರುವುದಿಲ್ಲ.

ಅಂಕಿ ಬರೆದಾದ ಮೇಲೆ ಅವಳು who ಎಂದು ಬರೆಯುತ್ತಿದ್ದಳು. ಈಗ ಒಳಗೆ ಯಾರ್ಯಾರಿದ್ದಾರೆ ಎಂದು ಯಂತ್ರ ಹೆಸರು ತೋರಿಸುತ್ತದೆ. ಮೊದಮೊದಲು ಹೆಸರುಗಳು ಪರದೆ ತುಂಬುತ್ತಿದ್ದವು. ಒಬ್ಬರಿಗೆ ವರ್ಗವಾಯಿತು, ಒಬ್ಬರಿಗೆ ವಯಸ್ಸಾಯಿತು. exit ಎಂದು ಬರೆದರೆ ಹೆಸರು ಪಟ್ಟಿಯಿಂದ ಹೋಗುತ್ತದೆ; ಹಾಗೆ ಬರೆದು ಹೋದವರು ಮತ್ತೆ ಬರಲಿಲ್ಲ. ಕೊನೆಗೆ ಉಳಿದದ್ದು ಎರಡೇ ಹೆಸರು: ಅವಳದು, ಮತ್ತು ಆ ಯಂತ್ರ ಕಾಯುವವನದು. ಅವನ ಮುಖ ಅವಳು ಕಂಡಿರಲಿಲ್ಲ. ಆದರೂ ಒಂದು ನರಪಿಳ್ಳೆಯೂ ಇಲ್ಲದ ಬೆಟ್ಟದಲ್ಲಿ ಆ ಹೆಸರು ನೋಡಿದರೆ ಅವಳಿಗೆ ಸಮಾಧಾನ. ಯಾರೋ ಇದ್ದಾರೆ ಎಂದುಕೊಂಡು ಎದ್ದು ಅನ್ನಕ್ಕೆ ಇಡುತ್ತಿದ್ದಳು.

ಆದರೆ ಆ ಯಂತ್ರ ಕಾಯುವವನು ಎಂದೋ ಹೋಗಿಬಿಟ್ಟಿದ್ದ. ಬೇರೆ ಕಡೆ ಕೆಲಸ ಸಿಕ್ಕಿತ್ತು. ಕೊನೆಯ ದಿನ exit ಎಂದು ಬರೆಯಲು ಅವನಿಗೆ ಮನಸ್ಸು ಬರಲಿಲ್ಲ. ಹೊರಡುವಾಗ ಹೋಗುತ್ತೇನೆ ಅನ್ನಬಾರದು, ಹೋಗಿ ಬರುತ್ತೇನೆ ಅನ್ನಬೇಕು ಎಂದು ಕೇಳಿ ಬೆಳೆದವನು. ಯುನಿಕ್ಸಿನಲ್ಲಿ ಹೋಗುವುದಕ್ಕೆ ಆಜ್ಞೆಯಿದೆ, ಹೋಗಿ ಬರುವುದಕ್ಕೆ ಇಲ್ಲ. ಅವನು ಪರದೆಯನ್ನಷ್ಟೇ ಆರಿಸಿ, ಕೋಣೆಗೆ ಬೀಗ ಹಾಕಿ ಬಸ್ಸು ಹತ್ತಿದ. ಅವನ ಜಾಗಕ್ಕೆ ಮೇಲಿನವರು ಯಾರನ್ನೂ ಹಾಕಲಿಲ್ಲ. ಯಂತ್ರ ನಡೆಯುತ್ತಲೇ ಇತ್ತು, ಅವನ ಹೆಸರೂ ಒಳಗೇ ಉಳಿಯಿತು.

ಒಂದು ಸಲ ಅವಳು ಧೈರ್ಯ ಮಾಡಿ, write ಎಂಬ ಆಜ್ಞೆಯಿಂದ ಅವನ ಪರದೆಗೆ ಒಂದು ಸಾಲು ಕಳಿಸಿದಳು: ನಿಮ್ಮ ಕಡೆಯೂ ಮಳೆಯೇ? ಅಂಥವರು ಒಳಗಿಲ್ಲ ಎಂದಾಗಿದ್ದರೆ ಯಂತ್ರ ಹೇಳುತ್ತಿತ್ತು. ಅದು ಸುಮ್ಮನಿತ್ತು. ಹಾಗಾದರೆ ತಲುಪಿದೆ ಎಂದುಕೊಂಡಳು. ತಲುಪಿದ್ದು ನಿಜ, ಬೀಗ ಹಾಕಿದ ಕೋಣೆಯ ಕಪ್ಪು ಪರದೆಗೆ. ಉತ್ತರ ಬರಲಿಲ್ಲ. ಅವನೂ ತನ್ನ ಹಾಗೆ ಮಾತು ಕಡಿಮೆಯವನು, ತನ್ನ ಹಾಗೆಯೇ ಒಂಟಿ ಎಂದು ತೀರ್ಮಾನಿಸಿದಳು.

ಆಮೇಲೆ ಮೇಲಿನವರು ಹೇಳಿ ಕಳಿಸಿದರು: ತಾನೇ ಮಳೆ ಅಳೆಯುವ ಉಪಕರಣ ಬಂದಿದೆ, ನೀವು ಬೆಟ್ಟ ಇಳಿಯಬಹುದು. ದೂರದ ಊರಿನಲ್ಲಿ ಅವಳ ತಂಗಿ ಒಂದು ಕೋಣೆ ಖಾಲಿ ಇಟ್ಟುಕೊಂಡು ಬಾ ಬಾ ಎಂದು ಕರೆಯುತ್ತಿದ್ದಳು. ಹೋಗಲು ಅವಳಿಗೂ ಆಸೆಯಿತ್ತು. ಆದರೆ ಅಂದು ಪರದೆಯ ಮೇಲೆ ಆ ಎರಡು ಹೆಸರು ನೋಡಿದಳು. ತಾನು ಬರುವುದು ಬಿಟ್ಟರೆ ಅವನು who ಎಂದು ಕೇಳಿದಾಗ ಕಾಣುವುದು ಅವನದೊಂದೇ ಹೆಸರು. ಅದು ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಇಲ್ಲೇ ಇರುತ್ತೇನೆ ಎಂದಳು. ಕಾರಣ ಯಾರಿಗೂ ಹೇಳಲಿಲ್ಲ. ತಂಗಿ ಕಾದಳು, ಬೇಸತ್ತಳು, ಕೋಣೆಯನ್ನು ಬಾಡಿಗೆಗೆ ಕೊಟ್ಟಳು.

ಅವಳ ತಲೆ ಬೆಳ್ಳಗಾದ ಮೇಲೆ ತಂತಿ ರಿಪೇರಿಗೆ ಒಬ್ಬ ಬೆಟ್ಟ ಹತ್ತಿ ಬಂದ. ಲೈನು ಸರಿಹೋಯಿತೇ ಎಂದು ನೋಡಲು ಅವಳ ಪರದೆಯಲ್ಲಿ w ಎಂದು ಬರೆದ. ಅದು ಹೆಸರಿನ ಜೊತೆಗೆ, ಆ ಮನುಷ್ಯ ಕೀಲಿಮಣೆ ಮುಟ್ಟಿ ಎಷ್ಟು ಕಾಲವಾಯಿತೆಂದೂ ತೋರಿಸುತ್ತದೆ. ಆ ಒಂದಕ್ಷರದ ಆಜ್ಞೆಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

"ಇವ್ರು ಹೋಗಿ ಎಷ್ಟೋ ವರ್ಷ ಆಯ್ತಲ್ಲಮ್ಮ," ಎಂದು ಅವನು ಇನ್ನೊಂದು ಹೆಸರು ತೋರಿಸಿದ. "ಪರದೆ ಆರಿಸಿ ಹಂಗೇ ಎದ್ದು ಹೋಗಿರ್ಬೇಕು. ಹೆಸರು ತೆಗೆದುಬಿಡ್ಲಾ?"

ಅವಳು ಎದ್ದು ಒಲೆಯ ಮೇಲೆ ನೀರಿಟ್ಟಳು.

"ಇರ್ಲಿ ಬಿಡಪ್ಪ. ಅದೊಂದಾದ್ರೂ ಇರ್ಲಿ."

ಅವನಿಗೆ ಟೀ ಮಾಡಿಕೊಟ್ಟು ಕಳಿಸಿದಳು. ಮರುದಿನ ಎಂದಿನಂತೆ ಮಳೆ ಅಳೆದಳು, ಅಂಕಿ ಬರೆದಳು. who ಎಂದು ಮಾತ್ರ ಬರೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ಯಾಕೋ ಸಿಟ್ಟು ಬಂದಿತ್ತು.

"ತಪ್ಪು ಅವಳದೇ, ಗುರುಗಳೇ. ತನ್ನ ಹೆಸರು ನೋಡಿಕೊಂಡು ಯಾರೋ ಕೂತಿದ್ದಾರೆಂದು ಅವನಿಗೆ ಹೇಗೆ ತಿಳಿಯಬೇಕು? ಎದ್ದು ಬಂದವನು ಹಿಂದೆ ಉಳಿದವರನ್ನೆಲ್ಲ ನೆನೆಯುತ್ತ ಕೂರಲು ಆಗುತ್ತದೆಯೇ?"

ಗುರುಗಳು ಬಾಗಿಲ ಬಳಿ ಬಿಟ್ಟಿದ್ದ ಅವನ ಚಪ್ಪಲಿಗಳ ಕಡೆ ನೋಡಿದರು.

"ಚೆನ್ನವೀರ, ನೀನು ಮನೆ ಬಿಡುವಾಗ ಯಾರಿಗೆ ಹೇಳಿ ಬಂದೆ?"