ಚೂಡಮ್ಮನ ಮೆಂತ್ಯವ್ರತ

ದೀಪದ ಸುತ್ತ ಕುಳಿತವರು ಮನಸ್ಸಿಟ್ಟು ಕೇಳಿರಿ. ಒಂದಾನೊಂದು ಅಗ್ರಹಾರಕ್ಕೆ ಘೋರ ವಿಪತ್ತು ಒದಗಿತು: ದೇವಸ್ಥಾನದ ಅಡುಗೆಯ ಅಳಸಿಂಗಾಚಾರ್ಯರು ಒಂದು ಚಮಚ ನೆನೆದ ಮೆಂತ್ಯವನ್ನು ಬಚ್ಚಲಿಗೆ ಉಗುಳಿದರು.

ಆಚಾರ್ಯರಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿತ್ತು, ಮಾತ್ರೆ ನಡೆಯುತ್ತಿತ್ತು. ಮೆಂತ್ಯ ತಿಂದರೆ ಸಕ್ಕರೆ ಇಳಿಯುತ್ತದೆಂದು ಯಾರೋ ಹೇಳಿದ್ದನ್ನು ಕೇಳಿ, ಅವರ ಪತ್ನಿ ಚೂಡಮ್ಮ ನಲವತ್ತೆಂಟು ದಿನದ ವ್ರತವೆಂದು ಸಂಕಲ್ಪ ಮಾಡಿ, ನೆನೆದ ಕಾಳನ್ನು ಬೆಳ್ಳಿ ಬಟ್ಟಲಲ್ಲಿಟ್ಟು ಕೊಟ್ಟಿದ್ದಳು.

"ಏನೇ ಇದು, ನಾನೇನು ತಪ್ಪು ಮಾಡಿದೆ?" ಎಂದ ಆಚಾರ್ಯರು, ನಲವತ್ತು ವರ್ಷ ಪುಳಿಯೋಗರೆ ಗೊಜ್ಜು ಕುದಿಸಿದವರಾದ್ದರಿಂದ ಕಹಿಗೆ ಬೆಲ್ಲವೇ ಮದ್ದೆಂದು ಬಲ್ಲವರಾಗಿ, ಮೆಂತ್ಯ ಹುರಿದು, ದಾಲ್ಚಿನ್ನಿ ಸೇರಿಸಿ ಕುಟ್ಟಿ, ಬೆಲ್ಲದ ಪಾಕಕ್ಕೆ ಹಾಕಿ, ತುಪ್ಪ ಸವರಿ ಉಂಡೆ ಕಟ್ಟಿದರು. ಬೆಳಿಗ್ಗೆ ಎರಡು, ಸಂಜೆ ಎರಡು. ಒಂದು ದಿನವೂ ತಪ್ಪಲಿಲ್ಲ. ಗಂಡನ ನಿಷ್ಠೆ ಕಂಡು ಚೂಡಮ್ಮನಿಗೆ ಕಣ್ಣು ತುಂಬಿತು. ಇಂಥ ವ್ರತದ ನಡುವೆ ಮಾತ್ರೆ ಕೊಟ್ಟರೆ ಮೆಂತ್ಯಕ್ಕೆ ಅವಮಾನವೆಂದು ಮಾತ್ರೆಗಳನ್ನೇ ಎತ್ತಿ ಗೋಡೆಯ ಗೂಡಿನಲ್ಲಿಟ್ಟಳು.

ಮೂವತ್ತನೆಯ ದಿನ ಒಲೆಯ ಕೆಂಡವೊಂದು ಆಚಾರ್ಯರ ಕಾಲ್ಬೆರಳ ಮೇಲೆ ಬಿದ್ದಿತು. ಸಕ್ಕರೆಯಿಂದ ಪಾದ ಮರಗಟ್ಟಿದ್ದರಿಂದ ಅವರಿಗೆ ಉರಿಯೇ ತಿಳಿಯಲಿಲ್ಲ. ಸುಟ್ಟ ವಾಸನೆ ಬಂದಾಗ ಗೊಜ್ಜು ತಳಹಿಡಿಯಿತೆಂದು ಸೌಟು ತಿರುವಿದರು. ಗಾಯ ಮಾಯಲಿಲ್ಲ. ಬೆರಳು ಕಪ್ಪಾಗತೊಡಗಿತು.

ಪೇಟೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಗಾಯದ ಕಟ್ಟು ಬಿಚ್ಚಿ ನೋಡಿ, ವಾರದಲ್ಲಿ ಗುಣ ಕಾಣದಿದ್ದರೆ ಬೆರಳು ತೆಗೆಯಬೇಕೆಂದರು.

"ವ್ರತ ಒಂದಿನಾನೂ ತಪ್ಪಿಸಿಲ್ಲ ತಾಯಿ, ಮಾತ್ರೆ ಬಿಡಿಸಿ ದಿನಾ ನಾಲ್ಕು ಮೆಂತ್ಯದುಂಡೆ ಕೊಟ್ಟಿದ್ದೀನಿ," ಎಂದು ಚೂಡಮ್ಮ ಅತ್ತಳು.

"ಉಂಡೆಗೆ ಬೆಲ್ಲ ಎಷ್ಟು ಹಾಕ್ತಿದ್ರಿ?"

"ಕಹಿ ಹೋಗೋಷ್ಟು."

ಡಾಕ್ಟರಮ್ಮ ಬೈಯಲಿಲ್ಲ. ಅವಳ ಕೈ ಹಿಡಿದು, "ಮೆಂತ್ಯ ಒಳ್ಳೇದೇ ಅಮ್ಮಾ, ಸ್ವಲ್ಪ ಸಹಾಯ ಮಾಡಬಹುದು. ಆದ್ರೆ ಮಾತ್ರೆ ಕೆಲಸ ಅದರ ಕೈಲಾಗಲ್ಲ. ಎರಡೂ ಕೊಡೋದಾದ್ರೆ ಮೊದಲು ನನಗೆ ತಿಳಿಸಿ ಆಮೇಲೆ ಕೊಡಿ, ಸಕ್ಕರೆ ತೀರಾ ಇಳಿದ್ರೂ ಕಷ್ಟವೇ," ಎಂದು ವಿಧಿ ತಿಳಿಸಿ, ಗಾಯಕ್ಕೆ ಔಷಧಿ ಕಟ್ಟಿದರು.

ಅಂದಿನಿಂದ ಚೂಡಮ್ಮ ಉಂಡೆ ನಿಲ್ಲಿಸಿ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟು, ಬರಿಯ ಮೆಂತ್ಯ ಅಗಿಸಿ, ದಿನವೂ ದೀಪ ಹಿಡಿದು ಗಂಡನ ಪಾದದ ಅಡಿ ನೋಡಿದಳು. ಆಚಾರ್ಯರು ಮುಖ ಕಿವುಚಿ, "ನಿನ್ನ ಪಾತಿವ್ರತ್ಯ ಬಹಳ ಕಹಿ ಕಣೇ," ಎಂದರೂ ನುಂಗಿದರು.

ಈ ಕಥೆಯನ್ನು ಓದಿದವರಿಗೂ, ಕೇಳಿದವರಿಗೂ, ಕೇಳುತ್ತಾ ತೂಕಡಿಸಿದವರಿಗೂ ಚೂಡಮ್ಮನಿಗಾದ ಫಲವೇ ಆಗಲಿ. ಮಾತ್ರೆಯನ್ನು ಅವರವರೇ ನುಂಗತಕ್ಕದ್ದು.

ಆಚಾರ್ಯರ ಬೆರಳು ಉಳಿಯಿತು. ಉಗುರು ಬರಲಿಲ್ಲ.